ನಾಯಿ ತರುವ ಮುನ್ನ ಮನೆಯ ಗಡಿಯಾರ ನೋಡಿ

ಮಾನ್ಯ ಸಂಪಾದಕರೇ,

ಶಾಲೆಗಳ ವಾರ್ಷಿಕ ಪರೀಕ್ಷೆ ಮುಗಿಯುತ್ತಿದ್ದಂತೆ ಬೆಂಗಳೂರಿನಲ್ಲಿ ನಾಯಿಮರಿಗಳ ವ್ಯಾಪಾರ ಗರಿಗೆದರುತ್ತದೆ. ‘ಒಳ್ಳೆ ಮಾರ್ಕ್ಸ್ ತೆಗೆದರೆ ನಾಯಿಮರಿ ಕೊಡಿಸ್ತೀನಿ’ ಎಂದು ಮಕ್ಕಳಿಗೆ ಕೊಟ್ಟ ಮಾತು ಏಪ್ರಿಲ್‌ನಲ್ಲಿ ನೆರವೇರುತ್ತದೆ. ರಜೆ ಮುಗಿಯುವವರೆಗೂ ಮನೆಮಂದಿಯೆಲ್ಲ ಮರಿಯ ಸುತ್ತಲೇ. ಜೂನ್‌ನಲ್ಲಿ ಶಾಲೆ ಶುರುವಾಗುವ ಹೊತ್ತಿಗೆ ಮರಿಗೆ ನಾಲ್ಕು ತಿಂಗಳಾಗಿರುತ್ತದೆ. ಹಾಲುಹಲ್ಲು ಬಿದ್ದು ಹೊಸ ಹಲ್ಲು ಮೂಡುವ, ಸಿಕ್ಕಿದ್ದನ್ನೆಲ್ಲ ಕಚ್ಚುವ ವಯಸ್ಸು. ಬೆಳಿಗ್ಗೆ ಎಂಟಕ್ಕೆ ಮನೆಗೆ ಬೀಗ ಬಿದ್ದರೆ ಅದು ಸೋಫಾ ಹರಿಯುತ್ತದೆ, ಬಾಗಿಲು ಕೆರೆಯುತ್ತದೆ, ಸಂಜೆಯವರೆಗೂ ಊಳಿಡುತ್ತದೆ. ಅಪಾರ್ಟ್‌ಮೆಂಟಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ದೂರುಗಳು ಶುರುವಾಗುತ್ತವೆ. ದಸರಾ, ದೀಪಾವಳಿ ಬರುವಷ್ಟರಲ್ಲಿ ‘ಒಳ್ಳೆ ಮನೆ ಇದ್ದರೆ ಹೇಳಿ’ ಎಂಬ ಫೋನು ಬರುತ್ತದೆ. ಫೋನು ಮಾಡುವಷ್ಟು ತಾಳ್ಮೆಯೂ ಇಲ್ಲದವರು ಊರಾಚೆ ರಸ್ತೆ ಬದಿಯಲ್ಲಿ ಕಾರಿನ ಬಾಗಿಲು ತೆರೆದು ಇಳಿಸಿ ಬರುತ್ತಾರೆ.

ನಗರದಲ್ಲಿ ನಾಯಿಗಳ ಚಿಕಿತ್ಸೆ, ತರಬೇತಿಯಲ್ಲಿ ತೊಡಗಿರುವ ನಾವು ಕೆಲವರು ಸೇರಿ ಈ ಪತ್ರ ಬರೆಯುತ್ತಿದ್ದೇವೆ. ನಾಯಿ ಸಾಕಬೇಡಿ ಎನ್ನುವುದು ನಮ್ಮ ಉದ್ದೇಶವಲ್ಲ. ನಾಯಿ ತರುವವರು ಮೊದಲು ಕೇಳುವ ಪ್ರಶ್ನೆ ‘ಯಾವ ತಳಿ ಚೆನ್ನಾಗಿರುತ್ತೆ’ ಎಂಬುದು. ಅದಕ್ಕೂ ಮುಂಚೆ ಕೇಳಬೇಕಾದ್ದು ‘ನಮ್ಮ ಮನೆಯಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ಯಾರಿರುತ್ತಾರೆ’ ಎಂದು.

ಒಂದು ಹಾಳೆ ತೆಗೆದುಕೊಂಡು ಮಂಗಳವಾರದ ದಿನಚರಿ ಬರೆಯಿರಿ. ಭಾನುವಾರದ್ದು ಬೇಡ, ಭಾನುವಾರ ಎಲ್ಲರ ಮನೆಯೂ ನಾಯಿ ಸಾಕಲು ಯೋಗ್ಯವಾಗಿಯೇ ಕಾಣುತ್ತದೆ. ಗಂಡ ಹೆಂಡತಿ ಇಬ್ಬರೂ ಎಂಟೂವರೆಗೆ ಹೊರಟು, ಸಿಲ್ಕ್ ಬೋರ್ಡ್ ಜಂಕ್ಷನ್ ದಾಟಿ ಏಳೂವರೆಗೆ ವಾಪಸಾದರೆ ಅಲ್ಲಿಗೆ ಹನ್ನೊಂದು ಗಂಟೆ. ಮೂತ್ರ ತಡೆದುಕೊಳ್ಳುವ ಶಕ್ತಿಗೆ ಒಂದು ಸರಳ ಲೆಕ್ಕವಿದೆ: ಮರಿಗೆ ಎಷ್ಟು ತಿಂಗಳೋ ಅದಕ್ಕೊಂದು ಸೇರಿಸಿ, ಅಷ್ಟು ಗಂಟೆ. ಮೂರು ತಿಂಗಳ ಮರಿಗೆ ಹೆಚ್ಚೆಂದರೆ ನಾಲ್ಕು ಗಂಟೆ. ಬೆಳೆದ ನಾಯಿಗೂ ಆರರಿಂದ ಎಂಟು ಗಂಟೆ ದಾಟಿಸಬಾರದು. ಹಾಗಾಗಿ ಹನ್ನೊಂದು ಗಂಟೆ ಖಾಲಿಯಿರುವ ಮನೆಗೆ ಮರಿ ತರುವುದೇ ಸಲ್ಲ, ಅದು ಯಾವ ತಳಿಯಾದರೂ ಸರಿ. ಮಧ್ಯಾಹ್ನ ಬಂದು ಹೊರಗೆ ಕರೆದೊಯ್ಯುವವರನ್ನು ಗೊತ್ತುಮಾಡಿಕೊಂಡ ಮೇಲೆ, ಎರಡು ವರ್ಷ ದಾಟಿದ ಶಾಂತ ಸ್ವಭಾವದ ನಾಯಿಯೊಂದನ್ನು ದತ್ತು ಪಡೆಯಬಹುದು. ಮನೆಯಿಂದಲೇ ಕೆಲಸ ಮಾಡುವವರು ಇದನ್ನು ಓದಿ ನಿರಾಳರಾಗುವ ಮುಂಚೆ, ಆಫೀಸು ವಾರಕ್ಕೆ ಮೂರು ದಿನ ಬನ್ನಿ ಎಂದರೆ ಏನು ಮಾಡುವುದೆಂದು ಈಗಲೇ ಯೋಚಿಸಬೇಕು. ನಾಯಿ ಹತ್ತು ಹನ್ನೆರಡು ವರ್ಷ ಬದುಕುತ್ತದೆ, ಆಫೀಸಿನ ನಿಯಮ ಆರು ತಿಂಗಳಿಗೊಮ್ಮೆ ಬದಲಾಗುತ್ತದೆ.

ಮರಿಗೆ ಶೌಚದ ಅಭ್ಯಾಸ ಮಾಡಿಸುವುದರಲ್ಲೇ ಬಹಳ ಮನೆಗಳು ಸೋಲುತ್ತವೆ. ಎರಡು ತಿಂಗಳ ಮರಿ ನಿದ್ದೆಯಿಂದ ಎದ್ದ ಕೂಡಲೇ, ಉಂಡು ಹದಿನೈದಿಪ್ಪತ್ತು ನಿಮಿಷಕ್ಕೆ, ಆಟ ನಿಲ್ಲಿಸಿದ ಕೂಡಲೇ ಉಚ್ಚೆ ಹೊಯ್ಯುತ್ತದೆ. ಹನ್ನೊಂದನೇ ಮಹಡಿಯಲ್ಲಿ ಲಿಫ್ಟಿಗಾಗಿ ಮೂರು ನಿಮಿಷ ಕಾದರೆ ಕೆಲಸ ಅಲ್ಲೇ ಮುಗಿದಿರುತ್ತದೆ. ಲಸಿಕೆ ಪೂರ್ತಿಯಾಗುವವರೆಗೆ ಅದನ್ನು ಬೀದಿಯ ನೆಲಕ್ಕೆ ಇಳಿಸುವಂತೆಯೂ ಇಲ್ಲ. ಮರಿಗಳಿಗೆ ಮಾರಕವಾದ ಪಾರ್ವೊ ಎಂಬ ವೈರಸ್, ಸೋಂಕಿತ ನಾಯಿಯ ಮಲ ಬಿದ್ದ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ವಾಂತಿ, ರಕ್ತಭೇದಿಯಾಗಿ ಎರಡು ಮೂರು ದಿನಗಳಲ್ಲಿ ಮರಿ ಕೈತಪ್ಪಬಹುದು. ಆರರಿಂದ ಎಂಟು ವಾರಕ್ಕೆ ಶುರುವಾಗುವ ಲಸಿಕೆಯನ್ನು ಮೂರು ನಾಲ್ಕು ವಾರಕ್ಕೊಮ್ಮೆ ಹಾಕಿಸುತ್ತಾ ಹದಿನಾರು ವಾರದವರೆಗೆ ಮುಂದುವರಿಸಬೇಕು, ಮೂರು ತಿಂಗಳಿಗೆ ರೇಬಿಸ್ ಲಸಿಕೆ. ಆದ್ದರಿಂದ ಫ್ಲ್ಯಾಟಿನವರು ಬಾಲ್ಕನಿಯ ಒಂದು ಮೂಲೆಯಲ್ಲಿ ಟ್ರೇ ಇಟ್ಟು ಹಳೆಯ ಪೇಪರ್ ಹಾಸಿ, ಅಲ್ಲಿಂದಲೇ ಅಭ್ಯಾಸ ಶುರುಮಾಡಬೇಕು. ಜಾಗ ಬದಲಿಸಬಾರದು. ತಪ್ಪು ಜಾಗದಲ್ಲಿ ಮಾಡಿದರೆ ಮೂತಿಯನ್ನು ಅದರಲ್ಲಿ ಉಜ್ಜುವ ಪದ್ಧತಿ ಇನ್ನೂ ಇದೆ, ದಯವಿಟ್ಟು ನಿಲ್ಲಿಸಿ. ಅದರಿಂದ ಮರಿ ಕಲಿಯುವುದು ನಿಮ್ಮ ಕಣ್ಣಿಗೆ ಬೀಳದಂತೆ ಸೋಫಾದ ಹಿಂದೆ ಹೋಗಿ ಮಾಡುವುದನ್ನು ಮಾತ್ರ. ಹಾಗಂತ ನಾಲ್ಕು ತಿಂಗಳು ಮನೆಯೊಳಗೇ ಕೂಡಿಹಾಕಬೇಡಿ. ಮೂರರಿಂದ ಹದಿನಾಲ್ಕನೇ ವಾರದೊಳಗೆ ಕಂಡು ಕೇಳಿದ್ದನ್ನು ನಾಯಿ ಜೀವನಪೂರ್ತಿ ಸಹಜವೆಂದು ಒಪ್ಪಿಕೊಳ್ಳುತ್ತದೆ. ಎತ್ತಿಕೊಂಡೇ ಕೆಳಗೆ ಒಯ್ದು ಆಟೊ, ಹಾರ್ನು, ಹೆಲ್ಮೆಟ್ ಹಾಕಿದ ಡೆಲಿವರಿ ಹುಡುಗ, ಕೋಲು ಹಿಡಿದ ತಾತ ಎಲ್ಲವನ್ನೂ ತೋರಿಸಿ.

ಇನ್ನು ತಳಿಯ ಮಾತು. ಪ್ರತಿ ತಳಿಯನ್ನೂ ಯಾವುದೋ ಒಂದು ಕಸುಬಿಗಾಗಿ ತಲೆಮಾರುಗಟ್ಟಲೆ ಆರಿಸಿ ಬೆಳೆಸಿದ್ದಾರೆ. ಆ ಕಸುಬು ನಾಯಿಯ ಮೈಯಲ್ಲಿ ಇಂದಿಗೂ ಇದೆ. ಬೀಗಲ್ ಗುಂಪಿನಲ್ಲಿ ಮೊಲದ ವಾಸನೆ ಹಿಡಿದು, ಊಳಿಟ್ಟು ಬೇಟೆಗಾರನಿಗೆ ತಿಳಿಸುವ ನಾಯಿ. ನೋಡಲು ಚಿಕ್ಕದು, ಹತ್ತು ಹನ್ನೆರಡು ಕಿಲೋ, ಫ್ಲ್ಯಾಟಿಗೆ ಸರಿಹೋಗುತ್ತದೆ ಎಂದು ತರುತ್ತಾರೆ. ಆದರೆ ಒಂಟಿಯಾಗಿ ಬಿಟ್ಟರೆ ಅದರ ಊಳು ಮೂರು ಮಹಡಿ ಆಚೆಗೂ ಕೇಳುತ್ತದೆ. ಚೈನು ಬಿಚ್ಚಿದರೆ ಮೂಗು ನೆಲಕ್ಕಂಟಿಸಿ ಹೊರಟೇ ಹೋಗುತ್ತದೆ, ಆಗ ಹೆಸರು ಕೂಗಿದರೆ ಕಿವಿಗೆ ಹೋಗುವುದಿಲ್ಲ. ದಿನಕ್ಕೆ ಒಂದು ಗಂಟೆಗೂ ಹೆಚ್ಚು ನಡಿಗೆ, ಆ ನಡಿಗೆಯಲ್ಲಿ ನಿಂತು ಮೂಸಲು ಅವಕಾಶ, ಮನೆಯೊಳಗೆ ತಿಂಡಿ ಬಚ್ಚಿಟ್ಟು ಹುಡುಕಿಸುವ ಆಟ, ಇಷ್ಟು ಕೊಡಲು ಆಗುವವರಿಗೆ ಅದರಷ್ಟು ಖುಷಿಯ ನಾಯಿ ಇನ್ನೊಂದಿಲ್ಲ. ಜರ್ಮನ್ ಶೆಫರ್ಡ್ ದಿನವಿಡೀ ಕುರಿಮಂದೆ ಸುತ್ತುವ ನಾಯಿ. ಅದಕ್ಕೆ ನಡಿಗೆಯ ಜೊತೆಗೆ ತಲೆಗೂ ಕೆಲಸ ಬೇಕು. ಇಲ್ಲದಿದ್ದರೆ ಮನೆಗೆ ಬರುವ ಪ್ರತಿಯೊಬ್ಬರನ್ನೂ ಕಾಯುವ ಕೆಲಸವನ್ನು ತಾನೇ ವಹಿಸಿಕೊಳ್ಳುತ್ತದೆ. ಡಾಷ್‌ಹಂಡ್ ಬಿಲ ತೋಡಿ ನುಗ್ಗಲೆಂದು ಬೆಳೆಸಿದ ನಾಯಿ. ಉದ್ದ ಬೆನ್ನು, ಗಿಡ್ಡ ಕಾಲು. ಲಿಫ್ಟಿಲ್ಲದ ಮೂರನೇ ಮಹಡಿಗೆ ಅದು ಬೇಡ. ಮೆಟ್ಟಿಲು ಹತ್ತಿಳಿದು, ಮಂಚದಿಂದ ಜಿಗಿದು ಬೆನ್ನುಮೂಳೆಯ ಡಿಸ್ಕ್ ಜಾರಿ ಹಿಂಗಾಲು ಸ್ವಾಧೀನ ತಪ್ಪುವುದುಂಟು.

ಲ್ಯಾಬ್ರಡಾರ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ‘ಮೊದಲ ಸಲ ಸಾಕುವವರಿಗೆ ಲ್ಯಾಬ್’ ಎನ್ನುವುದು ಬೆಂಗಳೂರಿನಲ್ಲಿ ಬಾಯಿಪಾಠವಾಗಿದೆ. ಸ್ವಭಾವದ ಮಟ್ಟಿಗೆ ಅದು ನಿಜ. ಆದರೆ ಗುಂಡಿಕ್ಕಿದ ಬಾತುಕೋಳಿಯನ್ನು ತಣ್ಣೀರಿನಲ್ಲಿ ಈಜಿ ತರಲು ಬೆಳೆಸಿದ ನಾಯಿ ಅದು. ಎಂಟು ತಿಂಗಳಿಗೆ ಇಪ್ಪತ್ತೈದು ಕಿಲೋ ತೂಗುತ್ತದೆ, ಬುದ್ಧಿ ಮಾತ್ರ ಇನ್ನೂ ಮರಿಯದೇ. ಅರವತ್ತೈದು ದಾಟಿದ ಅಪ್ಪ ಅಮ್ಮನ ಕೈಗೆ ಚೈನು ಕೊಟ್ಟು ಮಗ ಆಫೀಸಿಗೆ ಹೊರಟರೆ, ಎದುರಿಗೊಂದು ಬೆಕ್ಕು ಕಂಡ ದಿನ ಅಮ್ಮ ನೆಲಕ್ಕೆ ಬೀಳುತ್ತಾರೆ. ವಯಸ್ಸಾದವರೇ ನೋಡಿಕೊಳ್ಳುವ ಮನೆಗೆ ಎಂಟು ಹತ್ತು ಕಿಲೋದ ಒಳಗಿನ, ಈಗಾಗಲೇ ಬೆಳೆದ ನಾಯಿ ಸರಿ.

ಲ್ಯಾಬ್‌ನ ಎರಡನೇ ತೊಂದರೆ ಹೊಟ್ಟೆ. ಸುಮಾರು ನಾಲ್ಕರಲ್ಲೊಂದು ಲ್ಯಾಬ್‌ನಲ್ಲಿ ಪಿಓಎಂಸಿ ಎಂಬ ಜೀನ್‌ನ ಒಂದು ತುಣುಕು ಇರುವುದಿಲ್ಲ ಎಂದು ಕೇಂಬ್ರಿಜ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2016ರಲ್ಲಿ ತೋರಿಸಿಕೊಟ್ಟರು. ಅಂಥ ನಾಯಿಗಳಿಗೆ ತಿಂದಷ್ಟೂ ಹಸಿವು. ಅದು ನೋಡುವ ನೋಟಕ್ಕೆ ಕರಗಿ ದೋಸೆ, ಚಪಾತಿ, ಬಿಸ್ಕತ್ತು ಹಾಕುತ್ತಾ ಹೋದರೆ ನಾಲ್ಕು ವರ್ಷಕ್ಕೆ ನಲವತ್ತೈದು ಕಿಲೋ. ಮೂವತ್ತು ಕಿಲೋ ತೂಕದ ಬೆಳೆದ ಲ್ಯಾಬ್‌ಗೆ ದಿನಕ್ಕೆ ಸುಮಾರು ನಾನೂರು ಗ್ರಾಂ ಒಣ ಆಹಾರ ಸಾಕು, ಅದನ್ನು ಎರಡು ಹೊತ್ತಿಗೆ ಹಂಚಿ. ಲೋಟದಲ್ಲಿ ಅಂದಾಜು ಮಾಡದೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ. ತೂಕ ಸರಿಯಿದೆಯೇ ಎಂದು ಪಕ್ಕೆಲುಬಿನ ಮೇಲೆ ಬೆರಳಾಡಿಸಿ ನೋಡಬಹುದು. ನಿಮ್ಮ ಅಂಗೈಯನ್ನು ಚಪ್ಪಟೆಯಾಗಿ ಹಿಡಿದು ಅದರ ಹಿಂಬದಿಯ ಮೂಳೆ ಮುಟ್ಟಿದಾಗ ಹೇಗೆ ತಿಳಿಯುತ್ತದೋ ಪಕ್ಕೆಲುಬೂ ಹಾಗೆ ತಿಳಿದರೆ ಸರಿ. ಅಂಗೈಯ ಮೆತ್ತನೆ ಭಾಗದಂತೆ ಕೈಗೆ ಸಿಕ್ಕರೆ ಕೊಬ್ಬು ಜಾಸ್ತಿಯಾಗಿದೆ. ಮುಷ್ಟಿಯ ಗೆಣ್ಣಿನಂತೆ ಚುಚ್ಚಿದರೆ ತೀರಾ ಬಡಕಲು.

ಮೂರನೆಯದು ಸೊಂಟ. ಸೊಂಟದ ಕೀಲು ಗುಳಿಯಲ್ಲಿ ಸರಿಯಾಗಿ ಕೂರದ ದೋಷ ಲ್ಯಾಬ್, ಗೋಲ್ಡನ್ ರಿಟ್ರೀವರ್, ಜರ್ಮನ್ ಶೆಫರ್ಡ್, ರಾಟ್‌ವೈಲರ್ ತಳಿಗಳಲ್ಲಿ ಹೆಚ್ಚು. ಅದು ವಂಶದಿಂದ ಬರುತ್ತದಾದರೂ ಅದನ್ನು ಕೆಡಿಸುವುದು ನಮ್ಮ ಹೊಳೆಯುವ ವಿಟ್ರಿಫೈಡ್ ಟೈಲ್ಸ್ ಮತ್ತು ಅತಿ ಓಡಾಟ. ಟೈಲ್ಸ್ ಮೇಲೆ ಮರಿ ಎದ್ದು ನಿಲ್ಲುವಾಗ ಹಿಂಗಾಲು ಎರಡು ಕಡೆಗೆ ಜಾರುವುದನ್ನು ಗಮನಿಸಿ ನೋಡಿ, ಒಂದೊಂದು ಜಾರುವಿಕೆಯೂ ಎಳೆಯ ಕೀಲಿಗೆ ಪೆಟ್ಟು. ಊಟದ ಬಟ್ಟಲಿಂದ ಮಲಗುವ ಜಾಗದವರೆಗೆ ರಬ್ಬರ್ ಮ್ಯಾಟ್ ಹಾಸಿ. ಪಾದದ ಬೆರಳುಗಳ ನಡುವಿನ ಕೂದಲು ಕತ್ತರಿಸಿ, ಉಗುರು ನೆಲಕ್ಕೆ ಟಕಟಕ ತಾಗದಂತೆ ಚಿಕ್ಕದಾಗಿಡಿ. ಸ್ಕೂಟರಿನಲ್ಲಿ ಕುಳಿತು ಪಕ್ಕದಲ್ಲಿ ನಾಯಿಯನ್ನು ಓಡಿಸಿಕೊಂಡು ಹೋಗುವವರು ಬೆಳಗಿನ ಹೊತ್ತು ಪ್ರತಿ ಬಡಾವಣೆಯಲ್ಲೂ ಕಾಣಸಿಗುತ್ತಾರೆ. ದೊಡ್ಡ ತಳಿಯ ನಾಯಿಗೆ ಒಂದೂಕಾಲು ವರ್ಷ ತುಂಬುವ ಮುನ್ನ ಹಾಗೆ ಓಡಿಸಿದರೆ ಮುಂದೆ ಅದು ಮೆಟ್ಟಿಲು ಹತ್ತಲೂ ಕಷ್ಟಪಡಬಹುದು.

ಬೆಂಗಳೂರಿನ ಹವೆ ತಂಪು ಎಂಬ ಹಳೆಯ ನಂಬಿಕೆಯಿಂದ ಇನ್ನೊಂದು ಅನಾಹುತ ನಡೆಯುತ್ತಿದೆ. ‘ನಮ್ಮ ಬೆಂಗಳೂರು ವೆದರ್‌ಗೆ ಹಸ್ಕಿ ಆರಾಮಾಗಿ ಇರುತ್ತೆ ಸಾರ್’ ಎನ್ನುತ್ತಾರೆ ಮಾರುವವರು. ಇರುವುದಿಲ್ಲ. ಸೈಬೀರಿಯಾದ ಹಿಮದಲ್ಲಿ ಜಾರುಬಂಡಿ ಎಳೆದ ನಾಯಿ ಅದು. ಮೈಮೇಲೆ ಎರಡು ಪದರ ಕೂದಲು. ಒಳಪದರ ಹತ್ತಿಯಂತೆ ದಟ್ಟ. ಮಾರ್ಚ್‌ನಿಂದ ಮೇವರೆಗೆ ಇಲ್ಲಿನ ಬಿಸಿಲು 35 ಡಿಗ್ರಿ ದಾಟುತ್ತದೆ, 2016ರ ಏಪ್ರಿಲ್‌ನಲ್ಲಿ 39 ಡಿಗ್ರಿಯೂ ದಾಟಿತ್ತು. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ, ಶಾಖ ಹೊರಹೋಗುವುದು ಮುಖ್ಯವಾಗಿ ತೇಕುವುದರಿಂದ. ಮಳೆಗಾಲದ ತೇವದ ಗಾಳಿಯಲ್ಲಿ ತೇಕಿದರೂ ಮೈ ತಣಿಯುವುದು ನಿಧಾನ. ಆಗ ಮಾಲೀಕರು ಎಸಿ ಕೋಣೆಗೆ ಸೇರಿಸುತ್ತಾರೆ, ಕರೆಂಟು ಹೋಗುತ್ತದೆ; ಇಲ್ಲವೇ ಕೂದಲು ಬೋಳಿಸುತ್ತಾರೆ. ಬೋಳಿಸುವುದು ಇನ್ನೂ ಕೆಟ್ಟದ್ದು. ಆ ಕೂದಲೇ ಬಿಸಿಲನ್ನು ತಡೆಯುವುದು, ಒಮ್ಮೆ ಬೋಳಿಸಿದರೆ ಎಷ್ಟೋ ನಾಯಿಗಳಲ್ಲಿ ಮೊದಲಿನಂತೆ ಬೆಳೆಯುವುದೇ ಇಲ್ಲ. ಅದರ ಮೇಲೆ ದಿನಕ್ಕೆ ಎರಡು ಗಂಟೆ ಓಟ ಬೇಡುವ ನಾಯಿಯನ್ನು ಎರಡು ಕೋಣೆಯ ಮನೆಯಲ್ಲಿ ಇಟ್ಟುಕೊಳ್ಳುವುದಕ್ಕೆ ನಮ್ಮ ವಿರೋಧವಿದೆ. ಸೆಖೆಯ ಮಟ್ಟಿಗೆ ಸೇಂಟ್ ಬರ್ನಾರ್ಡ್‌ಗೂ ಇದೇ ಮಾತು.

ಮೊಬೈಲ್ ಕಂಪನಿಯ ಜಾಹೀರಾತಿನಿಂದ ಮನೆಮಾತಾದ ಪಗ್, ಈಚೆಗೆ ಫ್ಯಾಷನ್ನಾಗಿರುವ ಫ್ರೆಂಚ್ ಬುಲ್‌ಡಾಗ್, ಇವುಗಳ ಸಂಕಟ ಬೇರೆ ಬಗೆಯದು. ತಲೆಬುರುಡೆಯನ್ನು ಚಪ್ಪಟೆ ಮಾಡುತ್ತಾ ಬಂದರೂ ಒಳಗಿನ ಮಾಂಸ ಕಡಿಮೆಯಾಗಿಲ್ಲ. ಮೂಗಿನ ಹೊಳ್ಳೆ ಸೀಳಿನಷ್ಟೇ ಕಿರಿದು, ಹಿಂಭಾಗದ ಮೆದು ಅಂಗುಳ ಉದ್ದವಾಗಿ ಉಸಿರುನಾಳಕ್ಕೆ ಅಡ್ಡ. ಮಲಗಿದಾಗ ಅದು ಗೊರಕೆ ಹೊಡೆಯುವುದನ್ನು ಮುದ್ದು ಎಂದು ವಿಡಿಯೊ ಮಾಡುತ್ತಾರೆ. ಅಲ್ಲಿ ಕೇಳುತ್ತಿರುವುದು ಉಸಿರಿಗಾಗಿ ಒದ್ದಾಟ. ಇಂಥ ತಳಿಯೇ ಬೇಕೆನ್ನುವವರು ಮರಿಯ ತಂದೆ ತಾಯಿಯನ್ನು ಮೂರು ನಿಮಿಷ ಚುರುಕಾಗಿ ನಡೆಸಿ, ಪಕ್ಕದಲ್ಲಿ ನಿಂತು ಕಿವಿಗೊಡಿ. ಗೊರಗೊರ ಸದ್ದು ಬಂದರೆ, ಹೊಳ್ಳೆ ಒಳಕ್ಕೆ ಹೀರಿಕೊಂಡರೆ, ಆ ಮರಿ ಬೇಡ. ತಂದ ಮೇಲೆ ಮುಖದ ಮಡಿಕೆಗಳನ್ನು ದಿನವೂ ಒಣ ಬಟ್ಟೆಯಿಂದ ಒರೆಸಬೇಕು, ಕುತ್ತಿಗೆಗೆ ಬೆಲ್ಟ್ ಬಿಟ್ಟು ಎದೆಗೆ ಹಾರ್ನೆಸ್ ಹಾಕಬೇಕು, ಬೆಳಿಗ್ಗೆ ಏಳರೊಳಗೆ ಮತ್ತು ರಾತ್ರಿ ಏಳರ ಮೇಲಷ್ಟೇ ಹೊರಗೆ ಒಯ್ಯಬೇಕು. ಹಲವು ವಿಮಾನಯಾನ ಸಂಸ್ಥೆಗಳು ಇಂಥ ತಳಿಗಳನ್ನು ಸಾಗಿಸಲು ಒಪ್ಪುವುದಿಲ್ಲ. ವರ್ಗಾವಣೆಯ ನೌಕರಿಯವರು ಗಮನಿಸಿ.

ಯಾವ ನಾಯಿಯಾದರೂ ಬೇಸಿಗೆಯಲ್ಲಿ ಹೊರಡುವ ಮುಂಚೆ ರಸ್ತೆಯ ಮೇಲೆ ನಿಮ್ಮ ಕೈಯ ಹಿಂಬದಿ ಇಟ್ಟು ಏಳರವರೆಗೆ ಎಣಿಸಿ, ಇಡಲಾಗದಿದ್ದರೆ ಅದರ ಪಾದವೂ ಸುಡುತ್ತದೆ. ನಾಯಿಯ ಸಹಜ ಮೈಶಾಖ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಬಿಸಿಲಿನಲ್ಲಿ ಅದು 104 ದಾಟಿ, ನಾಲಿಗೆ ಕಡುಗೆಂಪಾಗಿ ತೂರಾಡತೊಡಗಿದರೆ ಹೊಟ್ಟೆ, ತೊಡೆಸಂದು, ಪಾದಗಳಿಗೆ ನಲ್ಲಿ ನೀರು ಹಾಕುತ್ತಾ, ಫ್ಯಾನ್ ಬೀಸುತ್ತಾ ತಕ್ಷಣ ಆಸ್ಪತ್ರೆಗೆ ಹೊರಡಿ.

ಫ್ಲ್ಯಾಟಿನವರ ಅಚ್ಚುಮೆಚ್ಚಿನ ಶಿಟ್ಜು ಐದಾರು ಕಿಲೋದ, ಅರ್ಧ ಮುಕ್ಕಾಲು ಗಂಟೆ ನಡಿಗೆಗೆ ತೃಪ್ತಿಪಡುವ ನಾಯಿ. ವಯಸ್ಸಾದವರಿಗೂ ಹೊಂದುತ್ತದೆ, ಕೂದಲು ಉದುರುವುದೂ ಕಡಿಮೆ. ಉದುರದ ಕೂದಲು ಬೆಳೆಯುತ್ತಲೇ ಇರುತ್ತದೆ ಎಂಬುದನ್ನು ಮಾರುವವರು ಹೇಳುವುದಿಲ್ಲ. ದಿನಕ್ಕೆ ಹದಿನೈದು ನಿಮಿಷ ಬಾಚಲೇಬೇಕು, ಮೇಲ್ಮೇಲಷ್ಟೇ ಬಾಚಿದರೆ ಪ್ರಯೋಜನವಿಲ್ಲ. ಒಂದು ಕೈಯಲ್ಲಿ ಕೂದಲನ್ನು ಮೇಲಕ್ಕೆತ್ತಿ ಹಿಡಿದು, ಚರ್ಮ ಕಾಣುವಂತೆ ಬೈತಲೆ ತೆಗೆದು, ಬುಡದಿಂದ ಒಂದೊಂದೇ ಸಾಲು ಬಿಡಿಸುತ್ತಾ ಹೋಗಬೇಕು. ಕಿವಿಯ ಹಿಂದೆ, ಕಂಕುಳಲ್ಲಿ, ಬೆಲ್ಟಿನ ಕೆಳಗೆ, ಬಾಲದ ಬುಡದಲ್ಲಿ ಮೊದಲು ಸಿಕ್ಕಾಗುತ್ತದೆ. ಸಿಕ್ಕು ಬಿಡಿಸದೆ ಸ್ನಾನ ಮಾಡಿಸಿದರೆ ಅದು ಇನ್ನಷ್ಟು ಬಿಗಿದು ಚಾಪೆಯಾಗುತ್ತದೆ, ಅದರಡಿ ಚರ್ಮ ಕೆಂಪಾಗಿ ಕೀವು ತುಂಬುತ್ತದೆ. ಅಷ್ಟು ಹೊತ್ತಿಲ್ಲದವರು ಆರು ವಾರಕ್ಕೊಮ್ಮೆ ಗ್ರೂಮಿಂಗ್‌ಗೆ ಒಯ್ದು ಮರಿಯ ಕೂದಲಿನಷ್ಟೇ ಚಿಕ್ಕದಾಗಿ ಕತ್ತರಿಸಲು ಹೇಳಿ. ನೆಲ ಗುಡಿಸುವ ಉದ್ದ ಕೂದಲು ಫೋಟೊಗೆ ಚೆಂದ, ಬೆಂಗಳೂರಿನ ಕೆಸರಿಗಲ್ಲ.

ಇಷ್ಟೆಲ್ಲ ವಿದೇಶಿ ತಳಿಗಳ ನಡುವೆ ನಮ್ಮದೇ ರಾಜ್ಯದ ಮುಧೋಳ ನಾಯಿಯನ್ನು ಕೇಳುವವರು ಕಡಿಮೆ ಎಂಬ ಕೊರಗು ನಮಗಿತ್ತು. ಸೈನ್ಯ ಅದಕ್ಕೆ ತರಬೇತಿ ಕೊಟ್ಟ ಸುದ್ದಿ ಹರಡಿದ ಮೇಲೆ, 2020ರ ‘ಮನದ ಮಾತು’ (ಮನ್ ಕಿ ಬಾತ್) ಬಾನುಲಿ ಕಾರ್ಯಕ್ರಮದಲ್ಲಿ ಪ್ರಧಾನಿ ಹೆಸರಿಸಿದ ಮೇಲೆ ಕೇಳುವವರು ಹೆಚ್ಚಿದ್ದಾರೆ. ಈಗ ಬೇರೆಯದೇ ಚಿಂತೆ. ಬಾಗಲಕೋಟೆಯ ಬಯಲಿನಲ್ಲಿ ಕಣ್ಣಳತೆಯ ದೂರದ ಮೊಲವನ್ನು ಕಂಡು ಬೆನ್ನಟ್ಟಿ ಹಿಡಿಯುವ ನಾಯಿ ಅದು. ಮನೆಯೊಳಗೆ ಬಹಳ ಶಾಂತ, ಹಗಲೆಲ್ಲ ಮಲಗಿರುತ್ತದೆ, ವಾಸನೆ ಕಡಿಮೆ, ಬೊಗಳುವುದೂ ಕಡಿಮೆ, ಸೆಖೆಗೆ ಅಂಜುವುದಿಲ್ಲ. ಆದರೆ ದಿನಕ್ಕೊಮ್ಮೆಯಾದರೂ ಬೇಲಿಯಿರುವ ಬಯಲಿನಲ್ಲಿ ಪೂರ್ಣ ವೇಗದಲ್ಲಿ ಓಡಲೇಬೇಕು. ಅನೇಕ ಬಡಾವಣೆಗಳ ಪಾರ್ಕ್‌ಗಳಲ್ಲಿ ನಾಯಿಗೆ ಪ್ರವೇಶವೇ ಇಲ್ಲದ ಈ ಊರಲ್ಲಿ ಅಂಥ ಜಾಗ ಎಲ್ಲಿದೆಯೆಂದು ನಾಯಿ ತರುವ ಮುಂಚೆ ಹುಡುಕಿಕೊಳ್ಳಿ. ನಾಲ್ಕು ಅಡಿ ಕಾಂಪೌಂಡ್ ಅದಕ್ಕೆ ಲೆಕ್ಕಕ್ಕಿಲ್ಲ, ಆರಡಿ ಬೇಕು. ತಲೆ ಕುತ್ತಿಗೆಗಿಂತ ಸಪೂರವಾದ್ದರಿಂದ ಸಾಮಾನ್ಯ ಬೆಲ್ಟ್ ಹಿಮ್ಮುಖವಾಗಿ ಜಗ್ಗಿದ ಕೂಡಲೇ ಕಳಚುತ್ತದೆ. ಎಳೆದಾಗ ಮಿತವಾಗಿ ಬಿಗಿಯುವ ಅಗಲ ಪಟ್ಟಿಯ ಮಾರ್ಟಿಂಗೇಲ್ ಬೆಲ್ಟ್ ಹಾಕಿ. ಮೈಯಲ್ಲಿ ಕೊಬ್ಬಿಲ್ಲ, ಚರ್ಮ ತೆಳು. ಡಿಸೆಂಬರ್‌ ಜನವರಿಯ ರಾತ್ರಿಗೆ ದಪ್ಪ ಹಾಸಿಗೆ, ಹೊದಿಕೆ ಬೇಕು, ಬರಿ ನೆಲದಲ್ಲಿ ಮಲಗಿದರೆ ಮೊಣಕೈ ಜಡ್ಡುಗಟ್ಟಿ ಹುಣ್ಣಾಗುತ್ತದೆ. ಮನೆಯಲ್ಲಿ ಬೆಕ್ಕು, ಮೊಲ ಇದ್ದರೆ ಯೋಚಿಸಿ. ಗೇಟಿಗೆ ಕಟ್ಟಿಹಾಕಿ ಕಾವಲಿಗೆ ಇಡುವ ಉದ್ದೇಶವಿದ್ದರೆ ಖಂಡಿತ ಬೇಡ, ಕಟ್ಟಿದ ಮುಧೋಳ ಅಂಜುಬುರುಕವಾಗುತ್ತದೆ. ಕೊಳ್ಳುವವರು ಮಧ್ಯವರ್ತಿಗಳ ಬಳಿ ಹೋಗುವ ಮುನ್ನ, ಮುಧೋಳ ಬಳಿಯ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ ಎಂಬುದು ತಿಳಿದಿರಲಿ.

ನಮ್ಮ ಅನುಭವದಲ್ಲಿ ಬೆಂಗಳೂರಿನ ಬಹುಪಾಲು ಮನೆಗಳಿಗೆ ಹೆಚ್ಚು ಹೊಂದುವುದು ಇಲ್ಲಿನದೇ ನಾಡನಾಯಿ. ಹದಿನೈದಿಪ್ಪತ್ತು ಕಿಲೋ, ಗಿಡ್ಡ ಕೂದಲು, ಉದ್ದ ಮೂತಿ. ತಳಿ ಶುದ್ಧತೆಗಾಗಿ ರಕ್ತಸಂಬಂಧದಲ್ಲೇ ಕೂಡಿಸಿ ಬಂದ ಕಾಯಿಲೆಗಳು ಕಡಿಮೆ. ದಿನಕ್ಕೆ ಒಂದು ಗಂಟೆ ನಡಿಗೆ ಸಾಕು. ತೊಂದರೆಯೇ ಇಲ್ಲವೆಂದಲ್ಲ. ತನ್ನ ಗಡಿ ಕಾಯುವ ಸ್ವಭಾವ ಬಲವಾದ್ದರಿಂದ ಮೊದಲ ಮಹಡಿಯ ಬಾಲ್ಕನಿಯಲ್ಲಿ ನಿಂತು ಬೀದಿಯಲ್ಲಿ ಹೋಗುವವರಿಗೆಲ್ಲ ಬೊಗಳುತ್ತದೆ; ಗ್ರಿಲ್ಲಿಗೆ ಎರಡೂವರೆ ಅಡಿ ಎತ್ತರಕ್ಕೆ ಶೇಡ್‌ನೆಟ್ ಕಟ್ಟಿ ನೋಟ ಮುಚ್ಚಿದರೆ ಅರ್ಧ ಬೊಗಳಾಟ ನಿಲ್ಲುತ್ತದೆ. ಮರಿಗಿಂತ ಒಂದೂವರೆ ಎರಡು ವರ್ಷದ ನಾಯಿಯನ್ನೇ ದತ್ತು ಪಡೆಯಿರಿ ಎಂದು ನಾವು ಒತ್ತಿ ಹೇಳುತ್ತೇವೆ. ಅದರ ಗಾತ್ರ, ಮಕ್ಕಳೊಡನೆ ಅದರ ನಡತೆ, ಒಂಟಿಯಾಗಿರಬಲ್ಲದೇ ಇಲ್ಲವೇ, ಎಲ್ಲವೂ ಆಗಲೇ ಕಣ್ಣಿಗೆ ಕಾಣುತ್ತದೆ. ಆಶ್ರಯಧಾಮಕ್ಕೆ ಮೂರು ಬೇರೆ ಬೇರೆ ಹೊತ್ತಿನಲ್ಲಿ ಹೋಗಿ ಅದೇ ನಾಯಿಯನ್ನು ನೋಡಿ.

ಸಸ್ಯಾಹಾರಿ ಮನೆಯವರು ಕೇಳುವುದುಂಟು, ಮೊಸರನ್ನ ಸಾಕಾಗುವುದಿಲ್ಲವೇ ಎಂದು. ಬರೀ ಮೊಸರನ್ನದಲ್ಲಿ ಪ್ರೋಟೀನ್ ಸಾಲದು, ಬೆಳೆಯುವ ಮರಿಗೆ ಸುಣ್ಣದಂಶವೂ ಸಾಲದೆ ಕಾಲು ಸೊಟ್ಟಗಾಗುತ್ತದೆ. ಮೊಟ್ಟೆಗೆ ಒಪ್ಪಿಗೆಯಿದ್ದರೆ ಬಹಳಷ್ಟು ಸುಲಭ. ಅದಕ್ಕೂ ಇಲ್ಲವಾದರೆ ನಾಯಿಗೆಂದೇ ಸಮತೋಲನ ಮಾಡಿದ ಸಸ್ಯಾಹಾರಿ ಒಣ ಆಹಾರವನ್ನು ಪಶುವೈದ್ಯರ ಸಲಹೆ ಪಡೆದು ಕೊಡಿ, ದೊಡ್ಡ ತಳಿಯ ಮರಿ ಮಾತ್ರ ಬೇಡ. ಈರುಳ್ಳಿ, ಬೆಳ್ಳುಳ್ಳಿ ಹಾಕಿದ ಸಾರು ಕಲಸಿ ಹಾಕಬೇಡಿ, ಅದು ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಹಬ್ಬದ ದಿನ ಪಾಯಸ, ಕೇಸರಿಬಾತಿನ ಒಣದ್ರಾಕ್ಷಿ ಕೆಲವು ನಾಯಿಗಳ ಮೂತ್ರಪಿಂಡವನ್ನೇ ಕೆಡಿಸುತ್ತದೆ.

ರಾಟ್‌ವೈಲರ್, ಪಿಟ್‌ಬುಲ್ ಸೇರಿ 23 ತಳಿಗಳನ್ನು ನಿರ್ಬಂಧಿಸಿ 2024ರ ಮಾರ್ಚ್ 12ರಂದು ಕೇಂದ್ರ ಹೊರಡಿಸಿದ ಸುತ್ತೋಲೆಯನ್ನು ಅದೇ ಏಪ್ರಿಲ್ 10ರಂದು ನಮ್ಮ ಹೈಕೋರ್ಟ್ ರದ್ದುಪಡಿಸಿತು. ಕಾನೂನು ತಡೆಯುವುದಿಲ್ಲ ಎಂದಮಾತ್ರಕ್ಕೆ ಮೊದಲ ಸಲ ನಾಯಿ ಸಾಕುವವರು ಇವುಗಳಿಗೆ ಕೈಹಾಕಬಾರದು. ನಾಯಿಯನ್ನು ಹತೋಟಿಯಲ್ಲಿಡದೆ ಯಾರಿಗಾದರೂ ಗಾಯವಾದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಡಿ ಆರು ತಿಂಗಳವರೆಗೆ ಜೈಲು ಶಿಕ್ಷೆಯಾಗಬಹುದು. ಅಪಾರ್ಟ್‌ಮೆಂಟ್ ಸಂಘಗಳು ಬಹುಮತದ ಠರಾವು ಮಾಡಿಯೂ ಸಾಕುನಾಯಿಯನ್ನು ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಮಾರ್ಗಸೂಚಿ ಹೇಳುತ್ತದೆ. ಬಾಡಿಗೆ ಮನೆಯವರು ಮಾತ್ರ ಕರಾರಿನಲ್ಲೇ ನಾಯಿಗೆ ಒಪ್ಪಿಗೆ ಬರೆಸಿಕೊಳ್ಳಬೇಕು. ಬಾಯಿಮಾತು ಮಾಲೀಕರ ಮಗ ಅಮೆರಿಕದಿಂದ ಬಂದ ದಿನ ಕೆಲಸಕ್ಕೆ ಬರುವುದಿಲ್ಲ.

ಕೊಂಡುಕೊಳ್ಳುವವರಿಗೆ: 2017ರ ಶ್ವಾನ ಸಂವರ್ಧನೆ ಮತ್ತು ಮಾರಾಟ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ, ತಾಯಿನಾಯಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸೂಲು, ಜೀವಮಾನದಲ್ಲಿ ಐದಕ್ಕಿಂತ ಹೆಚ್ಚು ಸೂಲು ಮಾಡಿಸುವಂತಿಲ್ಲ, ಸಾಕಣೆದಾರರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿರಬೇಕು. ಆದರೂ ಮೂವತ್ತೈದು ದಿನದ ಮರಿಗಳು ರಟ್ಟಿನ ಪೆಟ್ಟಿಗೆಯಲ್ಲಿ ಕೈಬದಲಾಗುತ್ತಿವೆ. ಬೇಗ ಮಾರಿದಷ್ಟೂ ಆಹಾರದ, ಲಸಿಕೆಯ ಖರ್ಚು ಉಳಿಯುತ್ತದೆ. ಒಡಹುಟ್ಟಿದ ಮರಿಗಳೊಡನೆ ಆಡುತ್ತಾ ಎಷ್ಟು ಜೋರಾಗಿ ಕಚ್ಚಬಾರದೆಂದು ಕಲಿಯುವ ವಾರಗಳು ತಪ್ಪಿಹೋದ ಮರಿ ನಿಮ್ಮ ಮಗುವಿನ ಕೈಯನ್ನು ರಕ್ತ ಬರುವಂತೆ ಕಚ್ಚುತ್ತದೆ. ‘ಡಬಲ್ ಬೋನ್’, ‘ಶೋ ಕ್ವಾಲಿಟಿ’, ‘ಟೀ ಕಪ್’ ಇವೆಲ್ಲ ಬೆಲೆ ಏರಿಸುವ ಮಾತುಗಳು. ತಳಿ ನಾಯಿಗಳನ್ನು ನೋಂದಾಯಿಸುವ ಕೆನೆಲ್ ಕ್ಲಬ್‌ನ ಪ್ರಮಾಣಪತ್ರ ವಂಶವನ್ನು ಹೇಳುತ್ತದೆ, ಆರೋಗ್ಯವನ್ನಲ್ಲ. ತಾಯಿಯನ್ನು ಅದು ಇರುವ ಜಾಗದಲ್ಲೇ ತೋರಿಸಿ ಎನ್ನಿ. ತೋರಿಸದಿದ್ದರೆ ಎದ್ದು ಬನ್ನಿ. ದೊಡ್ಡ ತಳಿಯಾದರೆ ತಂದೆ ತಾಯಿಯ ಸೊಂಟದ ಎಕ್ಸ್‌ರೇ ಕೇಳಿ.

ಇಷ್ಟಾದ ಮೇಲೂ ಮನಸ್ಸು ಗಟ್ಟಿಯಿದ್ದರೆ, ನಾಯಿ ತರುವ ಮೊದಲು ಹದಿನೈದು ದಿನ ಬರಿಗೈಯಲ್ಲೇ ಅಭ್ಯಾಸ ಮಾಡಿ. ಬೆಳಿಗ್ಗೆ ಐದೂಮುಕ್ಕಾಲಿಗೆ ಎದ್ದು ಅರ್ಧ ಗಂಟೆ, ರಾತ್ರಿ ಒಂಬತ್ತೂವರೆಗೆ ಅರ್ಧ ಗಂಟೆ ನಡೆಯಿರಿ, ಮಳೆ ಬಂದರೂ. ಯಾವ ದಿನ ಯಾರು ಹೋಗಲಿಲ್ಲ ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ತಿಂಗಳ ಆಹಾರದ ದುಡ್ಡನ್ನು ಬೇರೆ ಎತ್ತಿಡಿ. ನಾಯಿಯ ತೂಕ ಹೆಚ್ಚಿದಷ್ಟೂ ಎಲ್ಲ ಖರ್ಚೂ ಹೆಚ್ಚು. ಲ್ಯಾಬ್‌ಗೆ ತಿಂಗಳಿಗೆ ಹನ್ನೆರಡು ಕಿಲೋ ಒಣ ಆಹಾರವಾದರೆ ಶಿಟ್ಜುಗೆ ಮೂರೂವರೆ. ಜಂತುಹುಳದ ಮಾತ್ರೆ ಹತ್ತು ಕಿಲೋಗೆ ಒಂದು. ಊರಿಗೆ ಹೋಗುವಾಗ ಬಿಡುವ ಬೋರ್ಡಿಂಗ್ ಬಾಡಿಗೆಯನ್ನೂ ಎಷ್ಟೋ ಕಡೆ ಗಾತ್ರ ನೋಡಿಯೇ ಹೇಳುತ್ತಾರೆ.

ಹೊಂದದ ನಾಯಿಯನ್ನು ಈಗಾಗಲೇ ತಂದಿರುವವರಿಗೂ ದಾರಿಯಿದೆ. ಮಧ್ಯಾಹ್ನ ನಡೆದಾಡಿಸುವವರನ್ನು ಗೊತ್ತುಮಾಡಿ, ಊಟವನ್ನು ಬಟ್ಟಲಲ್ಲಿ ಹಾಕದೆ ಹುಡುಕಿ ತಿನ್ನುವಂತೆ ಕೊಡಿ, ತರಬೇತುದಾರರನ್ನು ಕಾಣಿ. ಎಲ್ಲವೂ ಸೋತರೆ ಲಸಿಕೆ ಪುಸ್ತಕ ಸಮೇತ, ಇರುವ ದೋಷವನ್ನೂ ಮುಚ್ಚಿಡದೆ ಹೇಳಿ ಬೇರೆ ಮನೆಗೆ ಕೊಡಿ. ಬೀದಿಗೆ ಬಿಡುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಮನೆಯಲ್ಲಿ ಬೆಳೆದ ನಾಯಿಗೆ ವಾಹನ ತಪ್ಪಿಸಿಕೊಳ್ಳಲು ಬಾರದು, ಆ ಬೀದಿಯ ನಾಯಿಗಳು ಅದನ್ನು ಒಳಗೆ ಬಿಟ್ಟುಕೊಳ್ಳುವುದೂ ಇಲ್ಲ.

ಕಡೆಯದಾಗಿ ಪತ್ರಿಕೆಗಳಲ್ಲಿ ಒಂದು ಬಿನ್ನಹ. ನಾಯಿಮರಿ ಮಾರಾಟದ ವರ್ಗೀಕೃತ ಜಾಹೀರಾತು ತೆಗೆದುಕೊಳ್ಳುವಾಗ ಸಾಕಣೆದಾರರ ನೋಂದಣಿ ಸಂಖ್ಯೆ ಮತ್ತು ಮರಿ ಹುಟ್ಟಿದ ದಿನಾಂಕವನ್ನು ಕಡ್ಡಾಯ ಮಾಡಿ. ಇವೆರಡನ್ನೂ ಕೊಡಲು ಒಪ್ಪದವರ ಜಾಹೀರಾತನ್ನು ದಯವಿಟ್ಟು ಅಚ್ಚು ಹಾಕಬೇಡಿ.

ಇಂತಿ,
ನಾಯಿಗಳ ಚಿಕಿತ್ಸೆ ಮತ್ತು ತರಬೇತಿಯಲ್ಲಿ ತೊಡಗಿರುವ ಗೆಳೆಯರ ಪರವಾಗಿ
ಬಸವನಗುಡಿ, ಬೆಂಗಳೂರು